ನಕ್ಷೆಯಲ್ಲಿ ಬಿಟ್ಟ ಮನೆ

ಭಾನುವಾರ, ೧೬ನೇ ತಾರೀಕು
ಬೆಳಿಗ್ಗೆ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿ ಗುಡುಗು ಮಾಡುವ ನಮಸ್ಕಾರಗಳು. ಮಗಳು ಗುಬ್ಬಿಯ ಎರಡೂ ಕೆನ್ನೆಗೆ ಒಂದೊಂದು ಮುತ್ತು. ಇಲ್ಲಿ ನಾವೆಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಆದರೆ ನಿನಗೆ ಸುಳ್ಳು ಬರೆಯಲು ಮನಸ್ಸು ಬರುತ್ತಿಲ್ಲ. ಅಮ್ಮನೂ ನಾನೂ ಬದುಕಿದ್ದೇವೆ, ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೇವೆ, ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ. ಇಷ್ಟು ನಿಜ.

ಹತ್ತು ದಿನದಿಂದ ಒಂದಕ್ಷರ ಬರೆಯಲಿಲ್ಲ ಎಂದು ಬೈಯಬೇಡ. ಫೋನ್ ಮಾಡುವ ಹಾಗಿಲ್ಲ, ನಿನ್ನ ಸಿಮ್ ಅನ್ನು ನಾವೇ ಮುರಿದು ಹಾಕಿದ್ದು. ಅಂಚೆಗೆ ಹಾಕೋಣವೆಂದು ಲಕೋಟೆ ತಂದು ಮೂರು ಸಲ ಪೆನ್ನು ಹಿಡಿದೆ. ವಿಳಾಸದ ಜಾಗಕ್ಕೆ ಬಂದಾಗ ಮೂರು ಸಲವೂ ಕೈ ನಿಂತುಬಿಟ್ಟಿತು. ಗುಡ್ಡದ ಮನೆಮನೆಗೂ ವಿಳಾಸ ಮಾಡಿಕೊಟ್ಟವಳಿಗೆ ಒಂದು ವಿಳಾಸ ಬರೆಯಲು ಆಗಲಿಲ್ಲ, ನೋಡು.

ಈಗ ಮೊದಲು ಕೆಲಸದ ಮಾತು. ಈ ಪತ್ರ ನಿನ್ನ ಕೈಗೆ ಕೊಡುವವರು ಆಂಬುಲೆನ್ಸ್ ಅಣ್ಣ. ಗಾಡಿಯೊಳಗೆ ಮೂಲೆಮನೆ ಅತ್ತೆಯೂ ಇರುತ್ತಾರೆ. ಅವರ ಮುಖ ನೋಡಿದರೆ ನಿನಗೆ ಅನುಮಾನ ಉಳಿಯುವುದಿಲ್ಲ ಎಂದೇ ಅವರನ್ನು ಕಳಿಸಿದ್ದೇನೆ. ಹಠ ಮಾಡಬೇಡ, ಪ್ರಶ್ನೆ ಕೇಳಬೇಡ. ಯಾರದಾದರೂ ಬಟ್ಟೆ ಅರ್ಧ ಹೊಲಿದಿದ್ದರೆ ಅರ್ಧಕ್ಕೇ ಬಿಡು. ಎರಡು ಜೊತೆ ಉಡುಪು, ಗುಬ್ಬಿಯ ಕೆಮ್ಮಿನ ಔಷಧಿ, ನಿನ್ನ ದೊಡ್ಡ ಕತ್ತರಿ, ಇಷ್ಟು ತೆಗೆದುಕೊಂಡು ಗಾಡಿ ಹತ್ತು. ಇಲ್ಲಿಗೆ ಪತ್ರ ಮಡಿಚಿಡು. ಉಳಿದದ್ದನ್ನು ದಾರಿಯಲ್ಲಿ ಓದು.

ಹತ್ತಿದೆಯಾ? ಸರಿ.

ನೀನು ಹಿಂದಿನ ಮೆಟ್ಟಿಲು ಇಳಿದು ಹೋದ ಮೇಲೆ ಇಲ್ಲಿ ಏನಾಯಿತೆಂದು ನಿನಗೆ ಗೊತ್ತಿಲ್ಲ. ಆವತ್ತು ಗುರುವಾರ ಮೂರು ಗಂಟೆಗೆ ಅತ್ತೆ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದರು. ನಮ್ಮ ಗುಡ್ಡಕ್ಕೆ ಯಾರೇ ಹೊಸಬರು ಬರಲಿ, ನಲ್ಲಿಯ ಹತ್ತಿರ ನಿಂತು ದಾರಿ ಕೇಳಲೇಬೇಕಿತ್ತು. ಅಂಚೆಯವರಿಗೇ ಓಣಿ ತಪ್ಪುತ್ತಿತ್ತು. ನಾವು ಮೂವರು ಹಳೆಯ ಊರು ಬಿಟ್ಟು, ಮಗುವನ್ನು ಎತ್ತಿಕೊಂಡು ಇಲ್ಲಿಗೆ ಬಂದಾಗ, "ಈ ಗೋಜಲಲ್ಲಿ ನಮ್ಮನ್ನ ನಾವೇ ಹುಡುಕ್ಕೊಳ್ಳೋದು ಕಷ್ಟ, ಅವನಿಗೆಲ್ಲಿ ಸಿಗ್ತೀವಿ" ಎಂದು ಎರಡು ವರ್ಷದ ಹಿಂದೆ ನೀನೇ ನಕ್ಕಿದ್ದೆ.

ಭಾವ ಯಾರನ್ನೂ ಕೇಳಲಿಲ್ಲವಂತೆ.

"ಒಬ್ಬರನ್ನೂ ಕೇಳಲಿಲ್ಲ ಕಣೇ," ಎಂದು ಅತ್ತೆ ಈಗಲೂ ಹೇಳುತ್ತಿರುತ್ತಾರೆ. "ಫೋನ್ ನೋಡ್ಕೊಂಡು ಬಂದ. ಎಡಕ್ಕೆ ತಿರುಗೋ ಕಡೆ ಎಡಕ್ಕೆ ತಿರುಗಿದ, ಮೆಟ್ಟಿಲು ಹತ್ತೋ ಕಡೆ ಹತ್ತಿದ. ಇಲ್ಲೇ ಹುಟ್ಟಿ ಬೆಳೆದವನ ಹಾಗೆ! ನನ್ನ ಕೈಯಿಂದ ಕೊಡ ಜಾರಿತು."

ಆ ಕೊಡ ಜಾರಿದ್ದರಿಂದ ನೀನು ಉಳಿದೆ. ಅತ್ತೆ ತಮ್ಮ ಮನೆಯೊಳಗೆ ನುಗ್ಗಿ, ಹಿತ್ತಲಿನ ಕೋಳಿಗೂಡು ದಾಟಿ, ನಿನ್ನ ಹಿಂಬಾಗಿಲಿಗೆ ಬಂದರು. ಕೋಳಿಗೂಡಿನ ಹಿಂದಿನ ಆ ಮೆಟ್ಟಿಲನ್ನು ನಾನು ನನ್ನ ಗುಡ್ಡದ ನಕ್ಷೆಯಲ್ಲಿ ಬರೆದಿರಲಿಲ್ಲ. ಅದೂ ಒಂದು ದಾರಿಯಾ ಎಂದು ಬಿಟ್ಟಿದ್ದೆ. ಅದೊಂದನ್ನು ಬಿಟ್ಟಿದ್ದಕ್ಕೇ ಅವನ ಫೋನಿಗೆ ಅದು ಗೊತ್ತಿರಲಿಲ್ಲ.

ಮುಂಬಾಗಿಲಿಂದ ಬಂದವನು ನಿನ್ನ ಮೆಷಿನ್ ಮುಂದಿನ ಸ್ಟೂಲಿನ ಮೇಲೆ ಕೂತನಂತೆ. ಬೈಯಲಿಲ್ಲ, ಕೂಗಾಡಲಿಲ್ಲ. ಪೆಡಲ್ ಮೇಲೆ ಕಾಲಿಟ್ಟು, ಬಟ್ಟೆಯಿಲ್ಲದ ಮೆಷಿನ್ನನ್ನು ಸುಮ್ಮನೆ ತುಳಿಯುತ್ತ, "ಅತ್ತೆ, ಅಳಿಯ ಬಂದ್ರೆ ಒಂದು ಲೋಟ ಟೀನೂ ಇಲ್ವಾ?" ಎಂದನಂತೆ. ಅಮ್ಮ ಟೀ ಮಾಡಿದರು. ಒಲೆಯ ಮುಂದೆ ಆದಷ್ಟು ಹೊತ್ತು ನಿಂತರಂತೆ, ನೀನು ಕೆಳಗಿನ ರಸ್ತೆ ಮುಟ್ಟಲಿ ಎಂದು. ನಮ್ಮ ಅಮ್ಮನಿಗೆ ಇಷ್ಟು ಬುದ್ಧಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಅವರನ್ನು ಕರಪತ್ರದ ಮಾತಲ್ಲಿ 'ಅರಿವಿಲ್ಲದವರು' ಎಂದು ಎಷ್ಟು ಸಲ ಅಂದಿಲ್ಲ!

ಟೀ ಕುಡಿದು ಅವನು ಫೋನ್ ತಿರುಗಿಸಿ ಅಮ್ಮನಿಗೆ ತೋರಿಸಿದ. "ಗುಬ್ಬಿ ಅನ್ನೋ ಹೆಸರು ನಾನಿಟ್ಟಿದ್ದು ಅತ್ತೆ. ಮಗು ಹೆಸರು ಹಾಕಿ ಹುಡುಕಿದ್ರೆ ಮಗು ಸಿಗಲ್ವಾ?" ಎಂದ.

ಅಮ್ಮನಿಗೆ ಓದಲು ಬರುವುದಿಲ್ಲ. ಆದರೆ ನಾನು ನನ್ನ ಜೆರಾಕ್ಸ್ ಅಂಗಡಿಯಿಂದ ಓಡಿ ಬಂದಾಗ ಅವರು ಹೇಳಿದ ಮೊದಲ ಮಾತು: "ಅವನ ಫೋನಲ್ಲಿದ್ದದ್ದು ನೀನು ದಿನಾ ಬರೀತಾ ಕೂರ್ತಿದ್ಯಲ್ಲ, ಅದೇ ಚಿತ್ರ ಕಣೇ."

ಅಕ್ಕ, ಆ ಚಿತ್ರ ನಿನಗೂ ಗೊತ್ತು. ಹಸಿರು ಗುಡ್ಡ, ಅದರ ಮೇಲೆ ಕಂದು ಬಣ್ಣದ ಪುಟ್ಟ ಪುಟ್ಟ ಮನೆಗಳು, ಮೆಟ್ಟಿಲುಗಳಿಗೆ ಕೆಂಪು ಗೀಟು. ನಮ್ಮ ಓಣಿಯ ನಡುವೆ ಒಂದು ಚುಕ್ಕೆ: 'ಗುಬ್ಬಿ ಹೊಲಿಗೆ ಅಂಗಡಿ'. ಅದನ್ನು ಇಟ್ಟವರ ಹೆಸರು ಕೆಳಗೇ ಇತ್ತು: 'ಗುಡುಗು'. ಮನೆಯವರು ಮಾತ್ರ ಕರೆಯುವ ಹೆಸರು. ಅವನೂ ಒಂದು ಕಾಲಕ್ಕೆ ಮನೆಯವನೇ ತಾನೇ.

ಠಾಣೆಗೆ ಹೋದೆವು. "ಗಂಡ ಹೆಂಡ್ತಿ ವಿಷಯ, ಕೂತು ಮಾತಾಡ್ಕೊಳ್ಳಿ" ಎಂದರು. ನಿನ್ನ ಎಡಗೈ ಇನ್ನೂ ಪೂರ್ತಿ ಮಡಚಲು ಬರುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದಾಗ ಬರೆದುಕೊಳ್ಳುವವರು ಪೆನ್ನಿನ ಮುಚ್ಚಳ ಹುಡುಕುತ್ತಿದ್ದರು. ಅದರ ಬಗ್ಗೆ ನಾನು ಒಂದು ಕರಪತ್ರ ಬರೆದೇ ಬರೆಯುತ್ತೇನೆ. ಈಗಲ್ಲ.

ಈ ನಕ್ಷೆಯನ್ನು ದ್ವೇಷಿಸಬೇಕು ಎಂದು ಹತ್ತು ದಿನದಿಂದ ಪ್ರಯತ್ನ ಮಾಡುತ್ತಿದ್ದೇನೆ. ಆಗುತ್ತಿಲ್ಲ. ಅದಕ್ಕೇ ಇನ್ನೂ ಹೆಚ್ಚು ಭಯ.

ಅದು ಶುರುವಾದ ದಿನ ನೆನಪಿದೆಯಾ? ನನ್ನ ಜೆರಾಕ್ಸ್ ಅಂಗಡಿಗೆ ಯಾರೋ ಒಂದು ಕರಪತ್ರವನ್ನು ಐವತ್ತು ಪ್ರತಿ ಮಾಡಿಸಲು ತಂದಿದ್ದರು. ಐವತ್ತೊಂದನೆಯದನ್ನು ಎಂದಿನಂತೆ ನಾನು ಇಟ್ಟುಕೊಂಡೆ. ಕಾಲೇಜು ಮೆಟ್ಟಿಲು ಹತ್ತದ ನನ್ನ ವಿದ್ಯೆಯೆಲ್ಲ ಆ ಯಂತ್ರದ ಬಾಯಿಂದ ಬಿಸಿಬಿಸಿಯಾಗಿ ಬಿದ್ದದ್ದೇ. ನಕ್ಷೆಯಲ್ಲಿ ಇಲ್ಲದ ಜನಕ್ಕೆ ನೀರೂ ಬರುವುದಿಲ್ಲ, ನ್ಯಾಯವೂ ಬರುವುದಿಲ್ಲ, ಆದ್ದರಿಂದ ನಿಮ್ಮ ನಕ್ಷೆ ನೀವೇ ಬರೆದುಕೊಳ್ಳಿ ಎಂದಿತ್ತು ಅದರಲ್ಲಿ. ಯಾವ ಕಂಪನಿಯದೂ ಅಲ್ಲದ, ಯಾವ ಸರ್ಕಾರದ್ದೂ ಅಲ್ಲದ ಮುಕ್ತ ನಕ್ಷೆ ಒಂದಿದೆ, ಅದನ್ನು ಯಾರು ಬೇಕಾದರೂ ತೆರೆಯಬಹುದು, ಬರೆಯಬಹುದು, ತಪ್ಪಿದ್ದರೆ ತಿದ್ದಬಹುದು. ನಾನು ಕುರ್ಚಿ ಹತ್ತಿ ನಿಂತು ಅದನ್ನು ಓದಿ ಹೇಳಿದೆ. ನೀನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ, "ಕ್ರಾಂತಿ ಬರೋ ಮುಂಚೆ ಕುರ್ಚಿಯಿಂದ ಇಳಿ, ಅದರ ಒಂದು ಕಾಲು ಅಲ್ಲಾಡುತ್ತೆ" ಎಂದೆ.

ಎಲ್ಲರೂ ತಮ್ಮ ಮನೆಯಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಲು ಹೊರಟಿದ್ದೆ. ಆಗ ಮಾತ್ರ ನೀನು ಪಿನ್ನುಗಳನ್ನು ಬಾಯಿಂದ ತೆಗೆದು, "ನಮ್ಮನೆ ಬೇಡ. ಅದೊಂದು ಬಿಟ್ಟು ಏನು ಬೇಕಾದ್ರೂ ಬರ್ಕೋ. ಮಾತು ಕೊಡು" ಎಂದೆ. ಕೊಟ್ಟೆ. ಹಾಗಾಗಿ ನಾನು ನಲ್ಲಿಯಿಂದ ಶುರು ಮಾಡಿದೆ. ಒಂದೇ ಒಂದು ನೀಲಿ ಚುಕ್ಕೆ. ಮರುದಿನ ತೆರೆದು ನೋಡಿದರೆ ಯಾರೋ ಗುರುತಿಲ್ಲದವರು, ಆಕಾಶದಿಂದ ತೆಗೆದ ಚಿತ್ರ ನೋಡಿಕೊಂಡು, ಕೆಳಗಿನ ರಸ್ತೆಯಿಂದ ನನ್ನ ನಲ್ಲಿಯವರೆಗೆ ದಾರಿ ಎಳೆದಿದ್ದರು! ನಾನು ಅಂಗಡಿಯಲ್ಲಿ ಒಬ್ಬಳೇ ಅತ್ತುಬಿಟ್ಟೆ ಅಕ್ಕ. ನಮ್ಮ ಗುಡ್ಡವನ್ನು ಅಷ್ಟು ದೂರದಿಂದ ಯಾರೋ ಕಣ್ಣು ಕಿರಿದು ಮಾಡಿಕೊಂಡು ನೋಡಿ, ಇಲ್ಲಿ ಜನ ನಡೆಯುತ್ತಾರೆ ಎಂದು ಒಂದು ಗೆರೆ ಎಳೆದರಲ್ಲ, ಸಂಬಳಕ್ಕಲ್ಲ, ಹೆಸರಿಗಲ್ಲ.

ಆ ಗುರುತಿಲ್ಲದವರ ಹೆಸರು ನಕ್ಷೆಯಲ್ಲಿ 'ಗಡಿಯಾರ' ಎಂದಿತ್ತು. ನಾನು ಅವರನ್ನು ಗಡಿಯಾರ ಅಜ್ಜ ಎಂದು ಕರೆದೆ, ಅವರು ಬೇಡವೆನ್ನಲಿಲ್ಲ. ಮೆಟ್ಟಿಲಿಗೆ ಹಿಡಿಕಂಬಿ ಇದ್ದರೆ ಅದನ್ನೂ ಗುರುತಿಸು, ಮುದುಕರಿಗೆ ಬೇಕಾಗುತ್ತದೆ ಎಂದು ಕಲಿಸಿದವರು ಅವರು. ಯಾವುದೋ ಊರಿನ ಟೀಚರ್ ಒಬ್ಬರು ನಮ್ಮ ಓಣಿಗಳ ಹೆಸರಿನ ಕಾಗುಣಿತ ತಿದ್ದಿದರು. ಮೂಲೆಮನೆ ಅತ್ತೆಗೆ ಬಾಯಿ ಸೊಟ್ಟಗಾಗಿ ಬಿದ್ದ ದಿನ ಆಂಬುಲೆನ್ಸ್ ಅಣ್ಣ ಆ ನಕ್ಷೆ ನೋಡಿಕೊಂಡೇ ಒಂಬತ್ತು ನಿಮಿಷದಲ್ಲಿ ಅವರ ಬಾಗಿಲಿಗೆ ಬಂದರು. "ಇಷ್ಟು ವರ್ಷ ಈ ಗುಡ್ಡಕ್ಕೆ ಕರೆ ಬಂದ್ರೆ ಕೆಳಗೆ ನಿಂತು ಹಾರ್ನ್ ಹೊಡೀತಿದ್ದೆ ತಾಯಿ" ಎಂದರು. ಆವತ್ತು ನೀನೂ ನನ್ನ ಬೆನ್ನು ತಟ್ಟಿದೆ. ಗುಬ್ಬಿ ನನ್ನ ಪಕ್ಕ ಕೂತು ತನ್ನದೇ ನಕ್ಷೆ ಬರೆಯತೊಡಗಿದಳು, ಎಲ್ಲ ಮನೆಗೂ ಕಣ್ಣು ಮೂಗು ಇಟ್ಟು.

ಏಳು ತಿಂಗಳು ನಮ್ಮ ಮನೆಯ ಜಾಗ ಖಾಲಿ ಇತ್ತು. ಆಮೇಲೆ ಯಾರೋ ಹೆಸರಿಲ್ಲದವರು ನಕ್ಷೆಯ ಮೇಲೆ ಒಂದು ಟಿಪ್ಪಣಿ ಹಾಕಿದರು: 'ಈ ಓಣಿಯಲ್ಲಿ ಒಂದು ಜಾಗ ಖಾಲಿ ಇದೆ. ಅಲ್ಲಿ ಏನಿದೆ?' ಟಿಪ್ಪಣಿ ಬಂದರೆ ಅದೇ ದಿನ ಉತ್ತರಿಸಿ ಮುಚ್ಚುವುದು ನನ್ನ ಹೆಮ್ಮೆ. ಅಭ್ಯಾಸಬಲದಿಂದ ಉತ್ತರಿಸಿಬಿಟ್ಟೆ. ಹಾಗೆ ಬಂತು ಆ ಚುಕ್ಕೆ. ಇದನ್ನು ಅಮ್ಮನಿಗೂ ಹೇಳಿದ್ದೇನೆ.

ಅವನು ಬಂದು ಹೋದ ಸಂಜೆಯೇ ಚುಕ್ಕೆ ಅಳಿಸಿದೆ. ಮರುದಿನ ಮಧ್ಯಾಹ್ನ ತೆರೆದರೆ ಅದು ಮತ್ತೆ ಅಲ್ಲೇ ಇತ್ತು! ಕೆಳಗೆ ಗಡಿಯಾರ ಅಜ್ಜನ ಮಾತು: 'ಕೈತಪ್ಪಿ ಅಳಿಸಿದ್ದೀಯ ಮಗೂ, ವಾಪಸ್ ಹಾಕಿದ್ದೇನೆ.' ಮತ್ತೆ ಅಳಿಸಿದೆ. ಮತ್ತೆ ಬಂತು. ಈ ಸಲ, 'ಇರುವುದನ್ನು ಇಲ್ಲ ಅನ್ನಬಾರದು ಎಂದು ನೀನೇ ಎಲ್ಲರಿಗೂ ಬರೆದಿದ್ದೆಯಲ್ಲ?' ಎಂದಿತ್ತು. ಹೌದು, ಬರೆದಿದ್ದೆ, ಮೂರು ಆಶ್ಚರ್ಯಸೂಚಕ ಹಾಕಿ.

ಆಗ ನನಗೆ ಹೊಳೆದದ್ದು ಎಂಥ ಕೆಟ್ಟ ಯೋಚನೆ ಗೊತ್ತಾ? ಈ ಗಡಿಯಾರ ಅಜ್ಜನೇ ಭಾವ ಇರಬಹುದಾ? ಟೀಚರ್ ಭಾವ ಇರಬಹುದಾ? ಮುಖ ನೋಡದೆ ಯಾರನ್ನು ನನ್ನ ಜನ ಎಂದು ಎದೆ ತಟ್ಟಿಕೊಂಡಿದ್ದೆನೋ, ಅವರೆಲ್ಲರ ಹಿಂದೆ ಒಂದೇ ಮುಖ ಕಾಣತೊಡಗಿತು. ಯಾರಿಗೂ ಕಾರಣ ಹೇಳದೆ ಸುಮ್ಮನಾದೆ. ಚುಕ್ಕೆ ಅಲ್ಲೇ ಉಳಿಯಿತು.

ಕಳೆದ ಭಾನುವಾರ ಅವನಿಂದ ಏನೂ ಆಗಲಿಲ್ಲ. ಇದನ್ನು ನೆನಪಿಟ್ಟುಕೋ, ಭಾನುವಾರ.

ಮಂಗಳವಾರ ಅವನು ನನ್ನ ಅಂಗಡಿಗೆ ಬಂದ. ಅದನ್ನೂ ನಾನೇ ನಕ್ಷೆಯಲ್ಲಿ ಗುರುತಿಸಿದ್ದೆನಲ್ಲ. ಗಿರಾಕಿಗಳ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ನಿನ್ನ ಫೋಟೋ ತೆಗೆದು ಗಾಜಿನ ಮೇಲೆ ಇಟ್ಟ. ಮದುವೆ ದಿನದ್ದು. ಕೆಳಗೆ 'ಕಾಣೆಯಾಗಿದ್ದಾಳೆ' ಎಂದು ಬರೆಸಿದ್ದ.

"ಏನಮ್ಮಾ ಗುಡುಗು, ಇಪ್ಪತ್ತು ಕಾಪಿ" ಎಂದ.

ನಾನು ಯಂತ್ರದ ಬಟನ್ ಒತ್ತಿ ಶಾಯಿ ಕಡಿಮೆ ಮಾಡಿದೆ. ಅದಷ್ಟೇ ನನ್ನ ಕ್ರಾಂತಿ. ನಿನ್ನ ಮುಖವೇ ಕಾಣದ ಹಾಗೆ ಇಪ್ಪತ್ತು ಬಿಳಿ ಹಾಳೆ ಬಂದವು. "ಟೋನರ್ ಮುಗಿದಿದೆ" ಎಂದೆ. ಅವನು ಒಂದೊಂದೇ ಹಾಳೆ ಎತ್ತಿ ನೋಡಿ, ನಕ್ಕ. "ಪರ್ವಾಗಿಲ್ಲ, ಬೇರೆ ಕಡೆ ಮಾಡಿಸ್ತೀನಿ. ನಿನ್ನ ನಕ್ಷೆ ಕೆಲಸ ಮಾತ್ರ ಬಹಳ ಚೆನ್ನಾಗಿದೆಯಮ್ಮ. ಎಲ್ಲೆಲ್ಲಿ ಬರೀತೀಯೋ ಎಲ್ಲಾ ನೋಡ್ತಾ ಇರ್ತೀನಿ. ನಿಲ್ಲಿಸ್ಬೇಡ."

ಹಿಂದೆ ನಿಂತಿದ್ದ ಗಿರಾಕಿ, "ಅಣ್ಣಾವ್ರೇ, ಹೊಗಳಿದ್ದು ಆಯ್ತಾ, ನಂಗೆ ಲೇಟಾಗುತ್ತೆ" ಎಂದಳು. ಅವನು ಸಭ್ಯವಾಗಿ ಪಕ್ಕಕ್ಕೆ ಸರಿದು ಹೊರಟುಹೋದ.

ಅವನು 'ಎಲ್ಲೆಲ್ಲಿ' ಎಂದದ್ದು ಎದೆಗೆ ಬಂದು ಬಡಿಯಿತು. ಯಾಕೆಂದರೆ ಭಾನುವಾರ.

ಭಾನುವಾರ ನಿನ್ನನ್ನು ನೋಡಬೇಕೆನಿಸಿ ತಡೆಯಲಾಗಲಿಲ್ಲ. ಗುರುವಾರ ಆಂಬುಲೆನ್ಸ್ ಅಣ್ಣ ನಿನ್ನನ್ನು ಮೂಲೆಮನೆ ಅತ್ತೆಯ ತಂಗಿಯ ಮನೆಗೆ ಬಿಟ್ಟು ಬಂದು ಹೇಳಿದ್ದು ಎರಡೇ ಮಾತು: ಕಾಲುವೆ ದಾಟಿದ ಮೇಲೆ ಸಣ್ಣ ಸೇತುವೆ, ಅದರ ಪಕ್ಕದ ಮನೆ. ಅಷ್ಟು ಸಾಕಾಯಿತು. ನಕ್ಷೆ ತೆರೆದು ಆ ಊರನ್ನು ಹುಡುಕಿದೆ. ಪೂರಾ ಬೋಳು. ಅದರಡಿಯ, ಆಕಾಶದಿಂದ ತೆಗೆದ ಚಿತ್ರದಲ್ಲಿ ಮಾತ್ರ ಕಾಲುವೆ ಕಾಣಿಸಿತು, ಇಟ್ಟಿಗೆ ಗೂಡಿನ ಹೊಗೆ ಕೂಡ. ಸೇತುವೆಯ ಪಕ್ಕ ಒಂದು ಚಾವಣಿ. ಅದರ ಕೆಳಗೆ ನೀನಿದ್ದೀಯ ಎಂದು ಪರದೆಯ ಮೇಲೆ ಬೆರಳಿಟ್ಟು ಕೂತೆ. ಆಮೇಲೆ ಕೈ ಸುಮ್ಮನಿರಲಿಲ್ಲ ಅಕ್ಕ. ಬೋಳು ಜಾಗ ನೋಡಿದರೆ ನಮ್ಮಂಥವರ ಕೈ ಸುಮ್ಮನಿರುವುದಿಲ್ಲ. ಕಾಲುವೆ ಎಳೆದೆ. ಸೇತುವೆ ಇಟ್ಟೆ. ನೀನು ನೀರಿಗೆ ಹೋಗುವ ದಾರಿ ಇದೇ ಇರಬೇಕು ಎಂದು ಒಂದು ಕಾಲುದಾರಿ, ಸುತ್ತಲಿನ ಒಂಬತ್ತು ಮನೆ. ಒಟ್ಟು ಹನ್ನೆರಡು. ನಿನ್ನ ಮನೆಯೊಂದನ್ನು ಮಾತ್ರ ಬಿಟ್ಟೆ, ಹುಷಾರಿಯಿಂದ! ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ನಾವು ಎಳೆದ ಪ್ರತಿ ಗೆರೆಯೂ, ಎಳೆದ ದಿನ ಗಂಟೆಯ ಸಮೇತ, ನಮ್ಮ ಹೆಸರಿನ ಕೆಳಗೆ ಪಟ್ಟಿಯಾಗಿ ಬಿದ್ದಿರುತ್ತದೆ. ಯಾರು ಬೇಕಾದರೂ ನೋಡಬಹುದು. ಮುಚ್ಚುಮರೆ ಇಲ್ಲದಿರುವುದೇ ನಮ್ಮ ಶಕ್ತಿ ಎಂದು ನಾನೇ ಭಾಷಣ ಮಾಡಿದ್ದೆ.

ಬುಧವಾರ ಅಂಗಡಿಗೆ ರಜೆ ಹಾಕಿ ಗಡಿಯಾರ ಅಜ್ಜನನ್ನು ಹುಡುಕಿಕೊಂಡು ಹೊರಟೆ. ಭಾವನೇ ಆಗಿದ್ದರೂ ಸರಿ, ಮುಖ ನೋಡಿಬಿಡೋಣ ಎಂದು. ಹೇಗೆ ಹುಡುಕಿದೆ ಎನ್ನುತ್ತೀಯಾ? ಎಲ್ಲರೂ ಮೊದಲು ಬರೆಯುವುದು ತಮ್ಮ ಸ್ವಂತ ಬಾಗಿಲನ್ನೇ. ಅವರು ಎಳೆದ ಮೊದಲ ಗೆರೆ ಎಲ್ಲಿದೆ ನೋಡಿದೆ: ಬಸ್ಸಿನಲ್ಲಿ ಎರಡು ತಾಸಿನ ದೂರ, ಒಂದು ಪೇಟೆಬೀದಿ, ಗಡಿಯಾರ ರಿಪೇರಿ ಅಂಗಡಿ. ಹತ್ತು ನಿಮಿಷದಲ್ಲಿ ಸಿಕ್ಕಿತು. ಸಿಕ್ಕಿತಲ್ಲ ಎಂದು ಖುಷಿಯಾಗಲಿಲ್ಲ. ನನಗೆ ಹತ್ತು ನಿಮಿಷ ಆದರೆ ಅವನಿಗೆ ಎಷ್ಟು?

ಅಂಗಡಿ ಎಂದರೆ ಎರಡು ಬೀರುವಿನಷ್ಟು ಅಗಲ. ಗೋಡೆಯ ಮೇಲಿನ ಗಡಿಯಾರಗಳೆಲ್ಲ ಒಂದೊಂದು ಹೊತ್ತು ತೋರಿಸುತ್ತಿದ್ದವು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದವರು ಅಜ್ಜನಲ್ಲ ಅಕ್ಕ, ಅಜ್ಜಿ! ಎಪ್ಪತ್ತು ದಾಟಿದ, ಮೊಣಕೈವರೆಗೆ ಸ್ವೆಟರ್ ಮಡಚಿದ ಅಜ್ಜಿ.

"ನಾನು... ಗುಡುಗು" ಎಂದೆ.

ಅವರು ಭೂತಗನ್ನಡಿ ತೆಗೆಯದೆಯೇ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇಷ್ಟೇ ಉದ್ದನಾ? ನಿನ್ನ ಬರವಣಿಗೆ ನೋಡಿ ಆರಡಿ ಇರ್ತೀಯ ಅಂದ್ಕೊಂಡಿದ್ದೆ."

"ನಾನು ನಿಮ್ಮನ್ನ ಅಜ್ಜ ಅಂತ ಕರೀತಿದ್ದಾಗ ಯಾಕೆ ಸುಮ್ಮನಿದ್ರಿ?"

"ಗಡಿಯಾರದವಳು ಹೆಂಗಸು ಅಂದ್ರೆ ನಕ್ಷೆ ಬರೆಯೋರೂ ಸಾವಿರ ಪ್ರಶ್ನೆ ಕೇಳ್ತಾರೆ. ಅಜ್ಜ ಅಂದ್ರೆ ಯಾರೂ ಕೇಳಲ್ಲ. ಹೆದರಿ ಇಟ್ಕೊಂಡಿರೋ ವೇಷ ಕಣೇ ಅದು. ಕೂತ್ಕೋ. ಯಾಕೆ ಅಳ್ತಿದ್ದೀಯ?"

ಎಲ್ಲ ಹೇಳಿದೆ. ನಾನು ಮುಗಿಸುವ ಹೊತ್ತಿಗೆ ಅವರು ಭೂತಗನ್ನಡಿ ಕಳಚಿ ಕೈಯಲ್ಲಿ ಹಿಡಿದುಕೊಂಡಿದ್ದರು. ಆಮೇಲೆ, "ಎರಡು ಸಲ ವಾಪಸ್ ಹಾಕಿದೆ. ಒಂದಲ್ಲ, ಎರಡು ಸಲ. ಉಪಕಾರ ಮಾಡ್ತಿದ್ದೀನಿ ಅಂದ್ಕೊಂಡು" ಎಂದರು. ಕೂದಲಿನಷ್ಟು ತೆಳುವಾದ ಸ್ಪ್ರಿಂಗ್ ಹಿಡಿಯುವ ಆ ಕೈಗಳು ಭೂತಗನ್ನಡಿ ಇಡಲು ಜಾಗ ಹುಡುಕುತ್ತಿದ್ದವು. ಇವರ ಹಿಂದೆ ಭಾವನ ಮುಖವಿಲ್ಲ ಎಂದು ಆಗ ನನಗೆ ಖಾತ್ರಿಯಾಯಿತು.

"ನಿಮ್ಮಕ್ಕನ ಅಂಗಡಿಗೆ ಬೋರ್ಡ್ ಇತ್ತಾ?" ಎಂದು ಕೇಳಿದರು.

"ಇಲ್ಲ."

"ಮತ್ತೆ ಹೆಸರು ಎಲ್ಲಿಂದ ತಂದೆ?"

"ಓಣಿಯವರು ಹಾಗೆ ಕರೀತಾರೆ."

"ಬೋರ್ಡ್ ಇಲ್ಲದ ಹೆಸರು ಬರೀಬಾರದು. ಮನೆಯೊಳಗಿನ ಮನುಷ್ಯರನ್ನ ಗುರುತಿಸಬಾರದು. ನಿಯಮದ ಪುಟದಲ್ಲೇ ಇದೆಯಲ್ಲ, ಓದಿಲ್ವಾ?"

ಓದಿರಲಿಲ್ಲ ಅಕ್ಕ. ಜಗತ್ತನ್ನು ಬದಲಾಯಿಸುವ ಅಷ್ಟೊಂದು ಕರಪತ್ರ ಓದಿದ ನಾನು ಆ ಒಂದು ಪುಟ ಓದಿರಲಿಲ್ಲ.

ಅಳಿಸಿದರೂ ಹಳೆಯದು ಹುಡುಕುವವರಿಗೆ ಸಿಗುತ್ತದೆ, ಅದನ್ನು ಬೇರಿನಿಂದ ಮುಚ್ಚುವ ಅಧಿಕಾರ ಇರುವುದು ನಕ್ಷೆಯ ಕಾವಲಿನವರಿಗೆ ಮಾತ್ರ. ಅಜ್ಜಿ ಅಲ್ಲೇ ಕೂತು ಅವರಿಗೆ ಬರೆದರು. ಆಮೇಲೆ, ಬೇರೆಲ್ಲಾದರೂ ಬರೆದಿದ್ದೀಯಾ ಎಂದರು. ಕಾಲುವೆ, ಸೇತುವೆ ತೋರಿಸಿ, "ಅಕ್ಕನ ಮನೆ ಬಿಟ್ಟಿದ್ದೀನಿ" ಎಂದೆ.

"ಸುತ್ತ ಎಲ್ಲಾ ಬರೆದು ಒಂದನ್ನ ಬಿಟ್ಟಿದ್ದೀಯ," ಎಂದರು ಅಜ್ಜಿ ಮೆಲ್ಲಗೆ. "ಬೆರಳು ಮಾಡಿ ತೋರಿಸಿದ ಹಾಗಾಯ್ತಲ್ಲ ಮಗೂ."

"ಸುಳ್ಳು ಗೆರೆ ಹಾಕ್ತೀನಿ, ಹತ್ತು ಊರಲ್ಲಿ ಸುಳ್ಳು ಮನೆ ಬರೀತೀನಿ, ಅವನ ದಾರಿ ತಪ್ಪಿಸ್ತೀನಿ" ಎಂದು ಕೂಗಾಡಿದೆ.

"ಸುಳ್ಳು ಬೇಡ. ಯಾವನೋ ಒಬ್ಬ ಆಂಬುಲೆನ್ಸ್‌ನವನು ಆ ಸುಳ್ಳನ್ನ ನಂಬಿ ಹೋದ್ರೆ? ನಿಜಾನೇ ಬರಿ. ನೂರು ಊರಲ್ಲಿ ಬರಿ. ಪ್ರತಿ ಊರಲ್ಲೂ ಒಂದು ಮನೆ ಬಿಡು."

ಗುರುವಾರದಿಂದ ನಿನ್ನೆಯವರೆಗೆ ನಾನು ಮಾಡಿದ್ದು ಅದೇ. ಅಜ್ಜಿ ನಂಬಿಕೆಯ ಕೆಲವರಿಗೆ, ಕಾರಣ ಹೇಳದೆ, ಒಂದು ಸಾಲು ಬರೆದರು: ಒಬ್ಬಳಿಗೆ ಬೋಳು ಊರುಗಳು ಬೇಕಾಗಿವೆ. ಯಾರೂ ಯಾಕೆ ಎನ್ನಲಿಲ್ಲ. ಒಬ್ಬರು ತಮ್ಮ ತವರಿನ ಬೀದಿಯ ಫೋಟೋ ಕಳಿಸಿದರು. ಟೀಚರ್ ತಮ್ಮ ಶಾಲೆಯ ಸುತ್ತಲಿನ ಹದಿನಾಲ್ಕು ಹಳ್ಳಿಗಳ ಪಟ್ಟಿ ಕೊಟ್ಟರು, ಎಲ್ಲಿ ಬಾವಿ, ಎಲ್ಲಿ ಗಿರಣಿ ಎಂಬುದರ ಸಮೇತ. ನಾನು ಬರೆಯುತ್ತ ಹೋದೆ. ನೂರ ಹನ್ನೆರಡು ಊರು. ನೂರ ಹನ್ನೆರಡು ಕಾಲುವೆ, ಸೇತುವೆ, ಬಾವಿ, ಮತ್ತು ಪ್ರತಿಯೊಂದರ ಪಕ್ಕ ಒಂದು ಬಿಟ್ಟ ಮನೆ. ಈಗ ನನ್ನ ಹೆಸರು ಹಿಡಿದು ಹುಡುಕಿದರೆ ನೀನು ನೂರ ಹದಿಮೂರು ಊರಲ್ಲಿ ಇದ್ದೀಯ ಅಕ್ಕ. ಎಷ್ಟು ಚೆಂದ ಇತ್ತು ಗೊತ್ತಾ ಆ ಊರುಗಳು! ಭಯದಿಂದ ಬೆವರುತ್ತಿದ್ದವಳಿಗೂ ಚೆಂದ ಕಾಣಿಸಿತು.

ಶುಕ್ರವಾರ ಕಾವಲಿನವರು ನಮ್ಮ ಗುಡ್ಡದ ಚುಕ್ಕೆಯನ್ನು, ಅದರ ಹಳೆಯ ನೆರಳು ಸಮೇತ, ಮುಚ್ಚಿದರು. ಕಾಲುವೆ ಸೇತುವೆಗಳ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ. ಅವರೂ ನಮ್ಮ ಹಾಗೆ ಹೊಟ್ಟೆಪಾಡಿನ ಕೆಲಸ ಮುಗಿಸಿ ಕೂರುವವರು.

ನಿನ್ನೆ ಶನಿವಾರ ಬೆಳಿಗ್ಗೆ, ನನ್ನ ಭಾನುವಾರದ ಆ ಹನ್ನೆರಡು ಗೆರೆಗಳ ಕೆಳಗೆ ಒಂದು ಮಾತು ಬಂದಿತ್ತು. ಹೊಸ ಹೆಸರು, ಮಂಗಳವಾರ ಸೇರಿದವರು. 'ಕಾಲುವೆ ಬಹಳ ಚೆನ್ನಾಗಿ ಬಂದಿದೆ. ಸೇತುವೆ ಪಕ್ಕದ ಮನೆ ಬಿಟ್ಟಿದ್ದೀರಲ್ಲ, ಅಲ್ಲಿ ಯಾರೂ ಇಲ್ಲವೇ?'

ಅಷ್ಟೇ. ಆರು ತಿಂಗಳ ಹಿಂದೆ ಇಂಥ ಮಾತು ಬಂದಿದ್ದರೆ ಕುಣಿದಾಡುತ್ತಿದ್ದೆ, ಹೊಸಬರೊಬ್ಬರು ಎಷ್ಟು ಗಮನವಿಟ್ಟು ನೋಡಿದ್ದಾರೆ ಎಂದು. ಅದು ನಿಜವಾಗಿ ಒಳ್ಳೆಯವರದ್ದೇ ಇರಬಹುದು. ಅಜ್ಜಿಯ ಹಾಗೆ ಉಪಕಾರ ಮಾಡಲು ಹೊರಟ ಯಾರೋ ಇರಬಹುದು. ಆದರೆ ಆ 'ಇರಬಹುದು' ಮೇಲೆ ನಿನ್ನನ್ನೂ ಗುಬ್ಬಿಯನ್ನೂ ಕೂರಿಸಿ ನಾನು ನಿದ್ದೆ ಮಾಡಲಾರೆ. ಅದಕ್ಕೇ ಈ ಗಾಡಿ. ನಮ್ಮ ನಕ್ಷೆ ಬಳಗದ ಯಾರೋ ಒಬ್ಬರು, ನಾನು ಮುಖ ನೋಡದವರು, ಒಂದು ಕೋಣೆ ಕೊಡುತ್ತೇನೆ ಎಂದಿದ್ದಾರೆ. ಮಾತಾಡಿದ್ದು ಅಜ್ಜಿ ಮತ್ತು ಆಂಬುಲೆನ್ಸ್ ಅಣ್ಣ ಇಬ್ಬರೇ.

ಅಮ್ಮ ಆಶೀರ್ವಾದ ಹೇಳಿದ್ದಾರೆ. ಕೈಗೆ ಎಣ್ಣೆ ಹಚ್ಚಿ ನೀವಿಕೊಳ್ಳುವುದನ್ನು ಬಿಡಬೇಡವಂತೆ. ಗುಬ್ಬಿಯನ್ನು ಬಿಸಿಲಿಗೆ ಬಿಡಬೇಡವಂತೆ. ನಿನ್ನ ಮೆಷಿನ್ನಿನ ಮೇಲೆ ಅವರ ಸೀರೆ ಹೊದಿಸಿಟ್ಟಿದ್ದಾರೆ, ಧೂಳು ಕೂರದಿರಲಿ ಎಂದು. ನೀನು ಎಲ್ಲಿದ್ದರೂ ನೆಮ್ಮದಿಯಿಂದ ಇರು.

ನಿನ್ನ ತಂಗಿ,
ಗುಡುಗು

ತಾ.ಕ.: ಅಣ್ಣ ಗಾಡಿ ಶುರು ಮಾಡಿದ್ದಾರೆ, ಅತ್ತೆ ಹತ್ತಿ ಕೂತಿದ್ದಾರೆ. ಪತ್ರ ಮುಚ್ಚಲು ಆಗುತ್ತಿಲ್ಲ, ಯಾಕೆಂದರೆ ಸುಳ್ಳು ಬರೆಯುವುದಿಲ್ಲ ಎಂದವಳು ಒಂದು ಸುಳ್ಳು ಬರೆದಿದ್ದೇನೆ. ಅಮ್ಮನಿಗೂ ಅಜ್ಜಿಗೂ ಅದನ್ನೇ ಹೇಳಿದ್ದೇನೆ.

ನಮ್ಮ ಗುಡ್ಡದಲ್ಲಿ ಯಾರೂ ಟಿಪ್ಪಣಿ ಹಾಕಿರಲಿಲ್ಲ. ಖಾಲಿ ಜಾಗದಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ.

ಓಣಿಯವರೆಲ್ಲ ಸೇರಿ ಬರೆದ ನಲ್ಲಿಯ ಅರ್ಜಿಗೆ ನೀನು ಸಹಿ ಹಾಕಲಿಲ್ಲವಲ್ಲ, ನೆನಪಿದೆಯಾ? ಹೆಸರು ಎಲ್ಲೂ ಬೀಳಬಾರದು ಎಂದೆ. ನಾನು ಓಣಿಯವರ ಮುಂದೆಯೇ ನಿನ್ನನ್ನು ಹೇಡಿ ಎಂದೆ. ನಿನ್ನಂಥವರಿಂದಲೇ ಅವರು ನಮ್ಮ ತಲೆ ಮೇಲೆ ಕೂತಿರುವುದು ಎಂದೆ. ನೀನು ಕೋಪ ಮಾಡಿಕೊಳ್ಳಲಿಲ್ಲ. "ಹೆದರಿದ್ದಕ್ಕೇ ಬದುಕಿದ್ದೀನಿ ಕಣೇ" ಎಂದು ಮೆಷಿನ್ನಿಗೆ ದಾರ ಪೋಣಿಸಿದೆ. ಮರುದಿನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು, ನಕ್ಷೆಯಲ್ಲಿ ಆ ಒಂದು ಖಾಲಿ ಜಾಗ ನಿನ್ನ ಹಾಗೆಯೇ ತುಟಿ ಬಿಗಿದು ಕೂತಂತೆ ಕಾಣಿಸಿತು. ಮಾತು ಕೊಟ್ಟದ್ದು ಚೆನ್ನಾಗಿ ನೆನಪಿತ್ತು. ಇವಳಿಗೆ ಧೈರ್ಯ ಕಲಿಸುತ್ತೇನೆ ಎಂದುಕೊಂಡು ಗುಬ್ಬಿಯ ಹೆಸರನ್ನು ಒಂದೊಂದೇ ಅಕ್ಷರ ಒತ್ತಿದೆ. ಇಪ್ಪತ್ತಮೂರು ದಿನ ಅದು ಅಲ್ಲಿತ್ತು. ಪ್ರತಿದಿನ ನೀನು ಬಡಿಸಿದ್ದನ್ನು ಉಂಡೆ.

ಅಣ್ಣ ಎಲ್ಲಿಗೆ ಎಂದು ಹೇಳಲು ಬಾಯಿ ತೆರೆದರು, ನಾನು ಕಿವಿ ಮುಚ್ಚಿಕೊಂಡೆ. ನೀನೂ ಬರೆಯಬೇಡ. ನಾನು ಎಷ್ಟೇ ಅತ್ತರೂ ಕರೆದರೂ ಬರೆಯಬೇಡ. ಗುಬ್ಬಿ ಹೊಸ ಮನೆಯ ಚಿತ್ರ ಬರೆದು ಚಿಕ್ಕಮ್ಮನಿಗೆ ಕಳಿಸೋಣ ಎಂದು ಹಠ ಮಾಡಿದರೆ, ಬರೆಯಲಿ ಅಕ್ಕ, ಕಣ್ಣು ಮೂಗು ಎಲ್ಲ ಇಟ್ಟು ಬರೆಯಲಿ. ಕಳಿಸಬೇಡ.